ಸಣ್ಣ ಆಡಿಟ್ ಕಚೇರಿಗೆ ಎಐ ತರುವಾಗ ಸಿಬ್ಬಂದಿಯನ್ನು ಅಣಿ ಮಾಡುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬಹಳ ಕಚೇರಿಗಳಲ್ಲಿ ಇದು ನಡೆಯುವುದು ಒಂದೇ ಥರ. ಯಜಮಾನರು ಎಲ್ಲೋ ಎಐ ಬಗ್ಗೆ ಕೇಳಿ ಬರುತ್ತಾರೆ. ತಿಂಗಳ ಚಂದಾ ಕಟ್ಟುತ್ತಾರೆ. ಹೊರಗಿನವರನ್ನು ಕರೆಸಿ ಎರಡು ಗಂಟೆ ತರಬೇತಿ ಕೊಡಿಸುತ್ತಾರೆ. ಮುಂದಿನ ವಾರ ಎಲ್ಲರೂ ಹಳೇ ದಾರಿಯಲ್ಲೇ ಇರುತ್ತಾರೆ. ಇಬ್ಬರೋ ಮೂವರೋ ಮಾತ್ರ ತಮ್ಮ ಮೊಬೈಲಿನಲ್ಲಿ, ಯಾರಿಗೂ ಹೇಳದೆ, ಬಳಸುತ್ತಿರುತ್ತಾರೆ.

ನಾನು ಕೆಲಸ ಮಾಡುವುದು 14 ಜನರ ಆಡಿಟ್ ಕಚೇರಿಯಲ್ಲಿ. ಜಿಎಸ್‌ಟಿ, ಆದಾಯ ತೆರಿಗೆ, ಟ್ಯಾಲಿ (ಲೆಕ್ಕದ ತಂತ್ರಾಂಶ) ಎಂಟ್ರಿ, ತೆರಿಗೆ ಇಲಾಖೆಯ ನೋಟಿಸ್‌ಗೆ ಉತ್ತರ, ಇವೇ ದಿನದ ಕೆಲಸ. ನಮ್ಮಲ್ಲೂ ಮೊದಲ ಸಲ ಹೀಗೇ ಆಯಿತು. ಎರಡನೇ ಸಲ ಕ್ರಮ ಬದಲಿಸಿದೆವು. ಸಾಧನ ಅದೇ, ಜನರೂ ಅವರೇ. ಮೊದಲು ಕೆಲಸದ ಭಯದ ಬಗ್ಗೆ ಮಾತಾಡಿದೆವು, ಆಮೇಲೆ ಡೇಟಾ ನಿಯಮ ಮಾಡಿದೆವು, ಆಮೇಲೆ ತಪ್ಪು ಹಿಡಿಯುವುದನ್ನು ಕಲಿಸಿದೆವು. ಎಐಗೆ ಪ್ರಶ್ನೆ ಕೇಳುವುದನ್ನು ಕಲಿಸಿದ್ದು ಇವೆಲ್ಲ ಆದ ನಂತರ. ಈ ಕ್ರಮ ತಪ್ಪಿದ ಕಡೆಯೆಲ್ಲ ಕೆಲಸ ಕೆಟ್ಟಿದ್ದನ್ನು ನೋಡಿದ್ದೇನೆ. ಹಾಗಾಗಿ ಹಂತಗಳನ್ನು ದಯವಿಟ್ಟು ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದೇ ಒಂದು ಎಐ ಸಾಧನ ಸಾಕು. ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್, ಕ್ಲಾಡ್, ಯಾವುದಾದರೂ ಸರಿ. ನಾಲ್ಕನ್ನೂ ಒಟ್ಟಿಗೆ ತಂದರೆ ಜನ ಗೊಂದಲಕ್ಕೆ ಬೀಳುತ್ತಾರೆ. ಸಾಧ್ಯವಾದರೆ ಕಂಪನಿಗಳಿಗೆಂದು ಇರುವ ಪಾವತಿ ಯೋಜನೆಯನ್ನೇ ತೆಗೆದುಕೊಳ್ಳಿ. ಉಚಿತ ಖಾತೆಗಳಲ್ಲಿ ನೀವು ಬರೆದದ್ದನ್ನು ಎಐ ಮಾದರಿಯ ತರಬೇತಿಗೆ ಬಳಸುವ ಆಯ್ಕೆ ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ. ಚಾಟ್‌ಜಿಪಿಟಿಯಲ್ಲಿ ಇದನ್ನು ಸೆಟ್ಟಿಂಗ್ಸ್ ಒಳಗಿನ ಡೇಟಾ ಕಂಟ್ರೋಲ್ಸ್‌ನಲ್ಲಿ ಆಫ್ ಮಾಡಬಹುದು.

ಇನ್ನು ಬೇಕಾಗುವುದು ಒಂದು ಪ್ರಿಂಟರ್, ಕೆಂಪು ಪೆನ್ನು, ಒಂದು ನೋಟ್‌ಬುಕ್. ಜೊತೆಗೆ ಕ್ಯಾಲೆಂಡರ್. ಇದನ್ನು ಮರೆಯುವವರೇ ಜಾಸ್ತಿ. ತಿಂಗಳ 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 14ಕ್ಕೆ ಜಿಎಸ್‌ಟಿಆರ್-2ಬಿ (ಪೂರೈಕೆದಾರರು ತೋರಿಸಿದ ಖರೀದಿ ಬಿಲ್‌ಗಳ ಪಟ್ಟಿ) ಬರುತ್ತದೆ, 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ತಿಂಗಳ ರಿಟರ್ನ್). ಹಾಗಾದರೆ ಕಲಿಯಲು ಉಳಿಯುವುದು 21ರಿಂದ ತಿಂಗಳ ಕೊನೆವರೆಗೆ ಮಾತ್ರ. ಜುಲೈ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಇದನ್ನು ಶುರು ಮಾಡಲೇಬೇಡಿ. ನಮ್ಮ ಮೊದಲ ತರಬೇತಿ ಜುಲೈ ಕೊನೆಯ ವಾರದಲ್ಲಿತ್ತು. ರಿಟರ್ನ್ ಫೈಲ್ ಮಾಡಲು ಪಾರ್ಟಿಗಳು (ನಮ್ಮ ಗ್ರಾಹಕರು) ಬಾಗಿಲಲ್ಲಿ ಕೂತಿದ್ದರು, ಒಳಗೆ ನಾವು ಸ್ಲೈಡು ನೋಡುತ್ತಿದ್ದೆವು. ಯಾರ ತಲೆಗೂ ಏನೂ ಹೋಗಲಿಲ್ಲ.

## ಹಂತ 1: ಕೆಲಸ ಹೋಗುವ ಭಯದ ಬಗ್ಗೆ ಮೊದಲು ಮಾತಾಡಿ

ಬಿಲ್ ಎಂಟ್ರಿ ಮಾಡುತ್ತಿರುವವರ ಮುಂದೆ ನಿಂತು "ಇನ್ನು ಮುಂದೆ ಇದು ನಿಮಿಷದಲ್ಲಿ ಆಗುತ್ತೆ" ಅಂದರೆ ಅವರಿಗೆ ಕೇಳಿಸುವುದು ಬೇರೆಯೇ. ಮನೆ ಬಾಡಿಗೆ, ಮಕ್ಕಳ ಫೀಸು ಕಣ್ಣ ಮುಂದೆ ಬರುತ್ತದೆ. ಆ ಮನಸ್ಸಿನಲ್ಲಿ ಯಾರೂ ಏನನ್ನೂ ಕಲಿಯುವುದಿಲ್ಲ.

ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು ಮೂರು ವಿಷಯ ಸ್ಪಷ್ಟವಾಗಿ ಹೇಳಬೇಕು. ಮುಂದಿನ ಎಷ್ಟು ತಿಂಗಳು ಈ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲ ಎಂಬುದು ಮೊದಲನೆಯದು. ಯಾವ ಕೆಲಸ ಕಡಿಮೆ ಆಗಬಹುದು, ಅದನ್ನು ಮಾಡುತ್ತಿದ್ದವರಿಗೆ ಬದಲಿಗೆ ಯಾವ ಕೆಲಸ ಕೊಡುತ್ತೇವೆ ಎಂಬುದು ಎರಡನೆಯದು. ಎಐನಿಂದ ಉಳಿತಾಯವಾದ ಸಮಯವನ್ನು ಏನು ಮಾಡುತ್ತೇವೆ ಎಂಬುದು ಮೂರನೆಯದು.

ಆಗದ ಭರವಸೆ ಕೊಡಬೇಡಿ. "ಯಾವತ್ತೂ ಯಾರ ಕೆಲಸವೂ ಹೋಗಲ್ಲ" ಎಂದು ಯಾರೂ ಹೇಳಲಾರರು, ಹೇಳಿದರೆ ಯಾರೂ ನಂಬುವುದಿಲ್ಲ. "ಒಂದು ವರ್ಷ ಯಾರನ್ನೂ ತೆಗೆಯಲ್ಲ, ಬದಲಾವಣೆ ಇದ್ದರೆ ಮೂರು ತಿಂಗಳು ಮೊದಲು ಹೇಳ್ತೀನಿ" ಅಂದರೆ ನಂಬುತ್ತಾರೆ. ಹೇಳಿದ್ದನ್ನು ಬರೆದು ಕೊಡಿ.

ಮೂರನೇ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಗ ಮುಗಿಸಿದವರ ಮೇಜಿನ ಮೇಲೆ ತಕ್ಷಣ ಇನ್ನೊಂದು ಫೈಲು ಇಟ್ಟರೆ, ಮುಂದಿನ ಸಲ ಅವರು ಬೇಗ ಮುಗಿಸಿದ್ದನ್ನು ಹೇಳುವುದೇ ಇಲ್ಲ. ಮೊದಲ ಮೂರು ತಿಂಗಳು ಉಳಿದ ಸಮಯ ಸಿಬ್ಬಂದಿಗೇ ಸೇರಲಿ. ನಮ್ಮಲ್ಲಿ 18, 19, 20ನೇ ತಾರೀಖು ರಾತ್ರಿ ಒಂಬತ್ತಾಗುತ್ತಿತ್ತು. ಏಳಕ್ಕೇ ಮನೆಗೆ ಹೋಗುವಂತಾದ ತಿಂಗಳು, ಎಐ ಬೇಡ ಎನ್ನುತ್ತಿದ್ದ ಇಬ್ಬರು ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು.

## ಹಂತ 2: ಈಗಾಗಲೇ ಯಾರು ಬಳಸುತ್ತಿದ್ದಾರೆ ಎಂದು ಕೇಳಿ

ನಿಮ್ಮ ಕಚೇರಿಯಲ್ಲಿ ಯಾರೂ ಬಳಸುತ್ತಿಲ್ಲ ಅಂದುಕೊಂಡಿದ್ದರೆ ಅದು ತಪ್ಪಿರಬಹುದು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಆರ್ಟಿಕಲ್‌ಶಿಪ್ (ಸಿಎ ಆಗಲು ಆಡಿಟ್ ಕಚೇರಿಯಲ್ಲಿ ಪಡೆಯುವ ತರಬೇತಿ) ಮಾಡುತ್ತಿರುವ ಹುಡುಗ ಹುಡುಗಿಯರು ಕಾಲೇಜಿನಿಂದಲೇ ಬಳಸಿಕೊಂಡು ಬಂದಿರುತ್ತಾರೆ.

ಕೇಳುವ ರೀತಿ ಮುಖ್ಯ. "ಯಾರು ಯಾರು ಬಳಸ್ತಿದ್ದೀರಾ?" ಎಂದು ಗುಂಪಿನಲ್ಲಿ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಒಬ್ಬೊಬ್ಬರನ್ನೇ ಕರೆದು, "ಇವತ್ತಿನವರೆಗೆ ಆಗಿದ್ದಕ್ಕೆ ಯಾರನ್ನೂ ಏನೂ ಅನ್ನಲ್ಲ, ಯಾವ ಕೆಲಸಕ್ಕೆ ಉಪಯೋಗ ಆಯ್ತು ಹೇಳಿ" ಎಂದು ಕೇಳಿ. ಕೊಟ್ಟ ಮಾತಿಗೆ ನಿಲ್ಲಿ. ನಮ್ಮಲ್ಲಿ ಒಬ್ಬರು ಪಾರ್ಟಿಯ ಇಡೀ ಬ್ಯಾಂಕ್ ಸ್ಟೇಟ್‌ಮೆಂಟನ್ನೇ ಉಚಿತ ಖಾತೆಗೆ ಹಾಕಿದ್ದು ಈ ಮಾತುಕತೆಯಲ್ಲಿ ಗೊತ್ತಾಯಿತು. ಬೈದಿದ್ದರೆ ಉಳಿದವರು ಬಾಯಿ ಬಿಡುತ್ತಿರಲಿಲ್ಲ. ಮುಂದಿನ ಹಂತದ ನಿಯಮ ಹುಟ್ಟಿದ್ದೇ ಆ ಮಾತಿನಿಂದ.

## ಹಂತ 3: ಒಂದೇ ಹಾಳೆಯ ಡೇಟಾ ನಿಯಮ

ನಿಯಮ ಒಂದು ಹಾಳೆ ದಾಟಬಾರದು. ಕನ್ನಡದಲ್ಲಿ ಇರಲಿ, ಗೋಡೆಯ ಮೇಲೆ ಇರಲಿ.

ಎಐಗೆ ಹಾಕಬಾರದ್ದು: ಪಾರ್ಟಿಯ ಹೆಸರು, ಪಾನ್, ಆಧಾರ್, ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಬ್ಯಾಂಕ್ ಖಾತೆ ಸಂಖ್ಯೆ, ಫೋನ್ ನಂಬರ್, ಪೋರ್ಟಲ್‌ನ ಯೂಸರ್ ಐಡಿ ಮತ್ತು ಪಾಸ್‌ವರ್ಡ್, ಯಾರದೇ ಸಂಬಳದ ವಿವರ.

ಜಿಎಸ್‌ಟಿಐಎನ್ ವಿಷಯದಲ್ಲಿ ಜನ ಎಡವುತ್ತಾರೆ. "ಅದು ಬಿಲ್ ಮೇಲೇ ಇರುತ್ತೆ, ಅದರಲ್ಲೇನು ಗುಟ್ಟು?" ಎನ್ನುತ್ತಾರೆ. 15 ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರ ಪೂರ್ತಿ ಪಾನ್. ಒಬ್ಬರೇ ನಡೆಸುವ ಅಂಗಡಿ ಆದರೆ ಅದು ಆ ವ್ಯಕ್ತಿಯ ಸ್ವಂತ ಪಾನ್. ಅದರ ಜೊತೆಗೆ ವಹಿವಾಟಿನ ಅಂಕಿ ಸೇರಿದರೆ ಅವರ ಇಡೀ ವ್ಯವಹಾರವೇ ಹೊರಗೆ ಹೋದಂತೆ.

ಹೆಸರು ತೆಗೆಯುವ ರೂಢಿ ಮಾಡಿಸಿ. ನೋಟಿಸ್ ಹಾಕುವ ಮೊದಲು ಪಾರ್ಟಿಯ ಹೆಸರಿನ ಜಾಗದಲ್ಲಿ "ಪಾರ್ಟಿ ಅ", ಪೂರೈಕೆದಾರರ ಜಾಗದಲ್ಲಿ "ಪೂರೈಕೆದಾರ 1" ಎಂದು ಬದಲಿಸಬೇಕು. ವರ್ಡ್‌ನಲ್ಲಿ ಫೈಂಡ್ ಅಂಡ್ ರಿಪ್ಲೇಸ್ ಬಳಸಿದರೆ ಎರಡು ನಿಮಿಷದ ಕೆಲಸ. ಪಿಡಿಎಫ್ ಅನ್ನು ಹಾಗೇ ಅಪ್‌ಲೋಡ್ ಮಾಡುವುದನ್ನು ಪೂರ್ತಿ ನಿಲ್ಲಿಸಿ. ಅದರ ತಲೆಬರಹದಲ್ಲೇ ಎಲ್ಲ ವಿವರ ಇರುತ್ತದೆ, ಅಲ್ವಾ?

ಇದು ಅತಿಯಾಯಿತು ಅನಿಸಿದರೆ ಎರಡು ವಿಷಯ ನೆನಪಿಟ್ಟುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾ ಸೋರದಂತೆ ತಕ್ಕ ಭದ್ರತೆ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಇನ್ನು, ಕೇಂದ್ರ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಸಾಧನ ಬಳಸಬೇಡಿ ಎಂದು ಸೂಚಿಸಿತ್ತು. ಪಾರ್ಟಿಗಳು ನಮ್ಮನ್ನು ನಂಬಿ ಪುಸ್ತಕ ಕೊಟ್ಟಿರುತ್ತಾರೆ. ಆ ನಂಬಿಕೆಯನ್ನು ಕಾಯುವುದು ನಮ್ಮ ಹೊಣೆ.

## ಹಂತ 4: ತಪ್ಪು ಹಿಡಿಯುವುದನ್ನು ಮೊದಲು ಕಲಿಸಿ

ಹೆಚ್ಚಿನ ತರಬೇತಿಗಳು ಸೋಲುವುದು ಇಲ್ಲೇ. ಎಲ್ಲರೂ ಪ್ರಾಂಪ್ಟ್ (ಎಐಗೆ ಕೇಳುವ ಪ್ರಶ್ನೆ) ಬರೆಯುವುದರಿಂದ ಶುರು ಮಾಡುತ್ತಾರೆ. ಎಐ ಕೊಡುವ ಉತ್ತರ ನೋಡಲು ಚೆಂದ, ಓದಲು ಸಲೀಸು. ಹೊಸಬರು ಆ ಚೆಂದಕ್ಕೇ ಒಪ್ಪಿಬಿಡುತ್ತಾರೆ.

ಬದಲಿಗೆ ಹೀಗೆ ಮಾಡಿ. ಎಐ ಬರೆದ ಒಂದು ಪುಟದ ಉತ್ತರ ತೆಗೆದುಕೊಳ್ಳಿ. ಅದರಲ್ಲಿ ನೀವೇ ಬೇಕೆಂದು ಐದು ತಪ್ಪು ಸೇರಿಸಿ. ಪ್ರಿಂಟ್ ತೆಗೆದು ಇಬ್ಬಿಬ್ಬರಿಗೆ ಒಂದೊಂದು ಪ್ರತಿ, ಒಂದು ಕೆಂಪು ಪೆನ್ನು ಕೊಡಿ. 20 ನಿಮಿಷದಲ್ಲಿ ಐದನ್ನೂ ಹುಡುಕಲು ಹೇಳಿ. ನಾವು ಸೇರಿಸಿದ ತಪ್ಪುಗಳು ಇವು: ಸಿಮೆಂಟಿಗೆ 28% ತೆರಿಗೆ, ಒಂದು ಅಕ್ಷರ ಕಡಿಮೆ ಇರುವ ಜಿಎಸ್‌ಟಿಐಎನ್, ಕೂಡಿದರೆ ತಾಳೆಯಾಗದ ಮೊತ್ತ, ಇಲ್ಲದ ಒಂದು ಸುತ್ತೋಲೆಯ ಸಂಖ್ಯೆ, ಉತ್ತರ ಕೊಡಲು ತಪ್ಪು ಕೊನೆ ದಿನ.

ಸಿಮೆಂಟಿನ ತಪ್ಪು ಸುಮ್ನೆ ಆರಿಸಿದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಸಿಮೆಂಟು 28ರಿಂದ 18ಕ್ಕೆ, ತುಪ್ಪ 12ರಿಂದ 5ಕ್ಕೆ ಇಳಿಯಿತು. ಎಐ ಕಲಿತಿರುವುದರಲ್ಲಿ ಹಳೆಯ ದರದ ಬರಹಗಳೇ ವರ್ಷಗಟ್ಟಲೆಯವು. ಹಾಗಾಗಿ ಅದು ಹಳೆಯದನ್ನೇ ಧೈರ್ಯವಾಗಿ ಹೇಳಬಹುದು. ಆದಾಯ ತೆರಿಗೆಯಲ್ಲೂ ಇದೇ ಅಪಾಯ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳೇ ಬದಲಾಗಿವೆ. 1961ರ ಕಾಯ್ದೆಯ ಸಂಖ್ಯೆಗಳು ಎಐ ಉತ್ತರದಲ್ಲಿ ಇನ್ನೂ ಬರುತ್ತವೆ. ಹಳೆಯ ವರ್ಷದ ಪ್ರಕರಣಕ್ಕೆ ಹಳೆಯ ಸಂಖ್ಯೆಯೇ ಸರಿ ಇರಬಹುದು. ಯಾವ ವರ್ಷಕ್ಕೆ ಯಾವುದು ಎಂದು ನೋಡುವುದು ಮನುಷ್ಯರ ಕೆಲಸ.

ಇಲ್ಲದ ತೀರ್ಪು, ಇಲ್ಲದ ಸುತ್ತೋಲೆ ಎಂದರೆ ಜನ ಮೊದಲು ನಂಬುವುದಿಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಿದರು. ಹತ್ತಿರದ ಉದಾಹರಣೆಯೂ ಇದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಇತ್ತು. ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಇದನ್ನು ತರಬೇತಿಯಲ್ಲಿ ಹೇಳಿ. ನಮ್ಮ ಕ್ಷೇತ್ರದ್ದೇ ಸಂಗತಿ ಆದ್ದರಿಂದ ಮನಸ್ಸಿಗೆ ನಾಟುತ್ತದೆ.

ಈ ಅಭ್ಯಾಸದಲ್ಲಿ ಒಂದು ಸಂತೋಷದ ವಿಷಯ ಕಂಡೆ. ನಮ್ಮ ಹಿರಿಯ ಅಕೌಂಟೆಂಟ್ ಒಬ್ಬರಿದ್ದಾರೆ. 28 ವರ್ಷ ಲೆಕ್ಕ ಬರೆದವರು. "ನನಗೆ ಇದೆಲ್ಲ ಬರಲ್ಲ, ಹುಡುಗರಿಗೆ ಕಲಿಸಿ" ಎನ್ನುತ್ತಿದ್ದರು. ಐದೂ ತಪ್ಪನ್ನು ಎಲ್ಲರಿಗಿಂತ ಮೊದಲು ಹಿಡಿದವರು ಅವರೇ. ಆರನೆಯದನ್ನೂ ಹಿಡಿದರು. ಅದು ನಾವು ಸೇರಿಸಿದ್ದಲ್ಲ, ಎಐ ತಾನೇ ಮಾಡಿದ್ದು! ಅವತ್ತಿನಿಂದ ಅವರು ನಮ್ಮ ಪರಿಶೀಲಕರು. ಎಐ ಬಂದರೆ ಹಳಬರ ಅನುಭವಕ್ಕೆ ಬೆಲೆ ಇಲ್ಲ ಎಂಬ ಮಾತು ನಮ್ಮ ಕಚೇರಿಯಲ್ಲಿ ಅಲ್ಲಿಗೆ ನಿಂತಿತು. ನಿಮ್ಮಲ್ಲೂ ಇಂಥವರು ಇರುತ್ತಾರೆ. ಅವರನ್ನು ಮೊದಲ ದಿನವೇ ಈ ಜಾಗದಲ್ಲಿ ಕೂರಿಸಿ.

## ಹಂತ 5: ಒಂದೇ ಒಂದು ಕೆಲಸ ಆರಿಸಿ

ಮೊದಲ ಕೆಲಸಕ್ಕೆ ಮೂರು ಗುಣ ಇರಬೇಕು. ಪದೇ ಪದೇ ಬರುವಂಥದ್ದು. ತಪ್ಪಾದರೆ ಪಾರ್ಟಿಗೆ ನಷ್ಟ ಆಗದಂಥದ್ದು. ಸರಿಯೋ ತಪ್ಪೋ ಎಂದು ಐದು ನಿಮಿಷದಲ್ಲಿ ನೋಡಬಹುದಾದದ್ದು.

ನಮಗೆ ಹೊಂದಿದ್ದು ಎಕ್ಸೆಲ್ ಸೂತ್ರ. ಖರೀದಿ ರಿಜಿಸ್ಟರನ್ನು 2ಬಿ ಜೊತೆ ತಾಳೆ ನೋಡುವಾಗ ಬಿಲ್ ಸಂಖ್ಯೆಗಳು ಕೂಡಿ ಬರುವುದಿಲ್ಲ. ಒಂದು ಕಡೆ ಅಡ್ಡಗೆರೆ ಹಾಕಿ ಬರೆದಿರುತ್ತಾರೆ, ಇನ್ನೊಂದು ಕಡೆ ಇಲ್ಲ. ಮುಂದೆ ಸೊನ್ನೆ ಇರುತ್ತದೆ ಅಥವಾ ಇರುವುದಿಲ್ಲ. ಕೊನೆಯಲ್ಲಿ ಕಾಣದ ಖಾಲಿ ಜಾಗ ಬೇರೆ. ಇದನ್ನು ಸರಿಪಡಿಸುವ ಸೂತ್ರ ಬರೆದುಕೊಡು ಎಂದು ಎಐಗೆ ಕೇಳುವುದು ಒಳ್ಳೆಯ ಆರಂಭ.

ಸೂತ್ರ ಕೇಳಿ, ಲೆಕ್ಕ ಕೇಳಬೇಡಿ. ಸಾವಿರ ಸಾಲು ಅಂಟಿಸಿ "ಕೂಡಿ ಹೇಳು" ಅಂದರೆ ಚಾಟ್‌ನಲ್ಲಿ ಬರುವ ಮೊತ್ತ ತಪ್ಪಿರಬಹುದು. ಸೂತ್ರವಾದರೆ ಲೆಕ್ಕ ಮಾಡುವುದು ಎಕ್ಸೆಲ್. ಪಾರ್ಟಿಯ ಡೇಟಾ ಕೊಡುವ ಅಗತ್ಯವೂ ಇಲ್ಲ. ಕಲ್ಪಿತ ಐದು ಸಾಲು ಕೊಟ್ಟರೆ ಸಾಕು.

ಎರಡನೇ ತಿಂಗಳಿಗೆ ಪತ್ರ, ವಾಟ್ಸಾಪ್ ಸಂದೇಶ ತೆಗೆದುಕೊಳ್ಳಿ. ಬಿಲ್ ಕಳಿಸಿ ಎಂದು ಪಾರ್ಟಿಗಳಿಗೆ ನೆನಪಿಸುವುದು, ಇಂಗ್ಲಿಷ್ ನೋಟಿಸಿನ ಅರ್ಥವನ್ನು ಸರಳ ಕನ್ನಡದಲ್ಲಿ ತಿಳಿಸುವುದು. ನೋಟಿಸಿಗೆ ಉತ್ತರದ ಕರಡು ಮೂರನೇ ತಿಂಗಳಿಗೆ ಇರಲಿ. ತೆರಿಗೆ ಎಷ್ಟು ಬರುತ್ತದೆ, ಈ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯ ವಜಾ) ಸಿಗುತ್ತದೋ ಇಲ್ಲವೋ ಎಂಬ ತೀರ್ಮಾನವನ್ನು ಮಾತ್ರ ಎಐಗೆ ಬಿಡಲೇಬೇಡಿ.

## ಹಂತ 6: ಜೋಡಿಯಾಗಿ ಕಲಿಸಿ, 45 ನಿಮಿಷ ಸಾಕು

ದೊಡ್ಡ ತರಗತಿ ಬೇಡ. ಕೀಬೋರ್ಡ್ ಚುರುಕಾಗಿ ಬರುವ ಒಬ್ಬರು, ಕೆಲಸ ಚೆನ್ನಾಗಿ ಬಲ್ಲ ಒಬ್ಬರು, ಹೀಗೆ ಜೋಡಿ ಮಾಡಿ. ಟೈಪ್ ಮಾಡುವವರು ಕಿರಿಯರು, ಏನು ಕೇಳಬೇಕು ಎಂದು ಹೇಳುವವರು ಹಿರಿಯರು. 21ನೇ ತಾರೀಖಿನ ನಂತರ ವಾರಕ್ಕೆ ಎರಡು ಸಲ, ಬೆಳಿಗ್ಗೆ, ಅವತ್ತಿನ ನಿಜವಾದ ಕೆಲಸದ ಮೇಲೆ ಕೂರಿಸಿ.

ಕೇಳುವ ರೀತಿಗೆ ಒಂದು ಉದಾಹರಣೆ. "ಪಾರ್ಟಿಗೆ ಮೆಸೇಜ್ ಬರೆದುಕೊಡು" ಅಂದರೆ ಯಾರಿಗೂ ಬೇಡದ ಉದ್ದ ಪತ್ರ ಬರುತ್ತದೆ. ಹೀಗೆ ಕೇಳಲು ಹೇಳಿಕೊಡಿ: "ಕಿರಾಣಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರಿಗೆ ವಾಟ್ಸಾಪ್ ಸಂದೇಶ ಬೇಕು. ಹೋದ ತಿಂಗಳ ಮಾರಾಟದ ಬಿಲ್‌ಗಳು 5ನೇ ತಾರೀಖಿನೊಳಗೆ ಬೇಕು. ತಡವಾದರೆ ಜಿಎಸ್‌ಟಿಆರ್-1 ತಡವಾಗುತ್ತದೆ. ನಾಲ್ಕು ಸಾಲು ಮೀರಬಾರದು. ಮಾತಾಡುವ ಕನ್ನಡ, ಮರ್ಯಾದೆ ಇರಲಿ, ಹೆದರಿಸುವ ಮಾತು ಬೇಡ." ಯಾರಿಗೆ, ಏನು, ಯಾವಾಗ, ಎಷ್ಟು ಉದ್ದ, ಯಾವ ಧಾಟಿ, ಇಷ್ಟು ಇದ್ದರೆ ಆಯಿತು. ಇದಕ್ಕೆ ಬೇರೆ ಕೋರ್ಸ್ ಬೇಕಿಲ್ಲ. ಹೊಸ ಹುಡುಗನಿಗೆ ಕೆಲಸ ಹೇಳಿಕೊಡುವಾಗ ನಾವು ಮಾಡುವುದೂ ಇದನ್ನೇ.

ಕನ್ನಡದಲ್ಲಿ ಕೆಲಸ ಮಾಡುವವರು ಎದುರಿಸುವ ಎರಡು ತೊಡಕು ಹೇಳುತ್ತೇನೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಅಂಟಿಸಿದರೆ ಎಐಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇದು ಗೊತ್ತಿಲ್ಲದೆ "ಎಐಗೆ ಕನ್ನಡ ಬರಲ್ಲ" ಎಂದು ಬಿಟ್ಟವರಿದ್ದಾರೆ. ಇನ್ನೊಂದು, ಅದು ಬರೆಯುವ ಕನ್ನಡ ಕೆಲವೊಮ್ಮೆ ಪುಸ್ತಕದ ಭಾಷೆ ಆಗಿಬಿಡುತ್ತದೆ. ನೀವು ಹಿಂದೆ ಬರೆದ ಎರಡು ಒಳ್ಳೆಯ ಸಂದೇಶಗಳನ್ನು, ಹೆಸರು ತೆಗೆದು, ಮಾದರಿಯಾಗಿ ಕೊಟ್ಟರೆ ಧಾಟಿ ಸುಧಾರಿಸುತ್ತದೆ. ಟೈಪಿಂಗ್ ಕಷ್ಟ ಅನ್ನುವವರಿಗೆ ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್ ತೋರಿಸಿ.

ಕೆಲಸಕ್ಕೆ ಬಂದ ಪ್ರಶ್ನೆಗಳನ್ನು ಒಂದು ಹಂಚಿಕೊಂಡ ಫೈಲಿನಲ್ಲಿ ಇಡಿ. ರಜೆಯ ಮೇಲೆ ಹೋದವರು ಬಂದಾಗ ಅದನ್ನೇ ನೋಡಿ ಮುಂದುವರಿಯಬಹುದು.

## ಹಂತ 7: ಹೊರಗೆ ಹೋಗುವ ಮೊದಲಿನ ಪರಿಶೀಲನೆ

ಎಐ ಕೈ ಹಾಕಿದ ಯಾವ ಕಾಗದವೂ ಎರಡನೇ ಕಣ್ಣು ಬೀಳದೆ ಹೊರಗೆ ಹೋಗಬಾರದು. ಕ್ರಮ ಇದು: ಮೊದಲು ಅಂಕಿಗಳನ್ನು ಟ್ಯಾಲಿ ಅಥವಾ ಪೋರ್ಟಲ್ ಜೊತೆ ನೋಡಿ. ಆಮೇಲೆ ತಾರೀಖು. ಆಮೇಲೆ ಸೆಕ್ಷನ್, ಸುತ್ತೋಲೆ, ತೀರ್ಪು, ಇವನ್ನು ಮೂಲ ಜಾಲತಾಣದಲ್ಲೇ ತೆರೆದು ಓದಿ. ತೆರೆಯಲು ಸಿಗದಿದ್ದರೆ ಆ ಸಾಲು ಹೊಡೆದುಹಾಕಿ. ಕೊನೆಯಲ್ಲಿ "ಪಾರ್ಟಿ ಅ" ಎಂದಿದ್ದ ಕಡೆ ಸರಿಯಾದ ಹೆಸರು ಬಂದಿದೆಯಾ ನೋಡಿ. ನಮ್ಮ ಕಚೇರಿಯಿಂದ ಒಮ್ಮೆ "ಪಾರ್ಟಿ ಅ ಅವರಿಗೆ" ಎಂದೇ ಪತ್ರ ಹೋಗಿತ್ತು. ಪಾರ್ಟಿಯವರು ಫೋನ್ ಮಾಡಿ ಕೇಳಿದಾಗ ತುಂಬಾ ಮುಜುಗರವಾಯಿತು.

"ಅದು ಎಐ ಹೇಳಿದ್ದು" ಎಂಬ ಸಮಜಾಯಿಷಿ ನಡೆಯುವುದಿಲ್ಲ ಎಂದು ಮೊದಲೇ ತಿಳಿಸಿ. ಎಎಸ್‌ಎಂಟಿ-10 ನೋಟಿಸಿಗೆ (ಜಿಎಸ್‌ಟಿ ರಿಟರ್ನಿನಲ್ಲಿ ಕಂಡ ವ್ಯತ್ಯಾಸ ಕೇಳುವ ನೋಟಿಸ್) 30 ದಿನದೊಳಗೆ ಎಎಸ್‌ಎಂಟಿ-11 ನಮೂನೆಯಲ್ಲಿ ಉತ್ತರ ಕೊಡಬೇಕು. ಅದರಲ್ಲಿ ಬರೆದದ್ದಕ್ಕೆ ಅಧಿಕಾರಿ ಪಾರ್ಟಿಯನ್ನು ಕೇಳುತ್ತಾರೆ, ಪಾರ್ಟಿ ನಮ್ಮನ್ನು ಕೇಳುತ್ತಾರೆ.

ಸಿಕ್ಕ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರು ಮಾಡಿದ್ದು ಎಂದು ಬರೆಯಬೇಡಿ. ಯಾವ ಕೆಲಸ, ಯಾವ ತಪ್ಪು, ಹೇಗೆ ಸಿಕ್ಕಿತು, ಇಷ್ಟು ಸಾಕು. ಹೆಸರು ಬರೆಯಲು ಶುರು ಮಾಡಿದ ದಿನವೇ ನೋಟ್‌ಬುಕ್ ಖಾಲಿಯಾಗುತ್ತದೆ.

## ಹಂತ 8: ಆರು ವಾರದ ನಂತರ ಅಳೆಯಿರಿ

ಶುರುವಿಗೆ ಮೊದಲೇ ಆರಿಸಿದ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಬರೆದಿಟ್ಟುಕೊಂಡಿರಬೇಕು. ಆರು ವಾರದ ನಂತರ ಮತ್ತೆ ನೋಡಿ. ಪರಿಶೀಲನೆಯ ಸಮಯವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕರಡು ಐದು ನಿಮಿಷದಲ್ಲಿ ಬಂದು ತಿದ್ದಲು ನಲವತ್ತು ನಿಮಿಷ ಹಿಡಿದರೆ ಆ ಕೆಲಸಕ್ಕೆ ಎಐ ಬೇಡ. ಹಾಗೆ ಬಿಡುವುದರಲ್ಲಿ ತಪ್ಪೇನಿಲ್ಲ. ನಾವು ಬ್ಯಾಂಕ್ ಸ್ಟೇಟ್‌ಮೆಂಟ್ ವಿಂಗಡಣೆಯನ್ನು ಹಾಗೇ ಬಿಟ್ಟೆವು. ಹೆಸರು ತೆಗೆಯುವುದಕ್ಕೇ ಅರ್ಧ ದಿನ ಹೋಗುತ್ತಿತ್ತು.

## ಎಚ್ಚರಿಕೆಯ ಗುರುತುಗಳು

ಯಾರೂ ತಪ್ಪು ವರದಿ ಮಾಡುತ್ತಿಲ್ಲ. ತಪ್ಪೇ ಆಗುತ್ತಿಲ್ಲ ಎಂದು ಖುಷಿ ಪಡಬೇಡಿ. ಒಂದೋ ಯಾರೂ ಬಳಸುತ್ತಿಲ್ಲ, ಇಲ್ಲವೇ ಯಾರೂ ನೋಡುತ್ತಿಲ್ಲ. ಹಂತ 4ರ ಕೆಂಪು ಪೆನ್ನಿನ ಅಭ್ಯಾಸವನ್ನು ಇನ್ನೊಮ್ಮೆ ಮಾಡಿಸಿ.

ಕಿರಿಯರು "ಯಾಕೆ?" ಎಂದು ಕೇಳುವುದನ್ನು ನಿಲ್ಲಿಸಿದ್ದಾರೆ. ಇದು ನನಗೆ ಜಾಸ್ತಿ ಚಿಂತೆ ತರುವ ಗುರುತು. ಕ್ರೆಡಿಟ್ ಯಾಕೆ ಸಿಗುವುದಿಲ್ಲ ಎಂದು ಗೊತ್ತಿಲ್ಲದೆಯೇ ಉತ್ತರ ತಯಾರು ಮಾಡುವವರು ನಾಳೆ ತಪ್ಪು ಹಿಡಿಯಲಾರರು. ಹೊಸದಾಗಿ ಸೇರಿದವರಿಗೆ ಮೊದಲ ಮೂರು ತಿಂಗಳು ತಾಳೆ ನೋಡುವುದು, ಉತ್ತರ ಬರೆಯುವುದು ಎರಡನ್ನೂ ಕೈಯಿಂದಲೇ ಮಾಡಿಸಿ. ಆಮೇಲೆ ಎಐ ಕೊಡಿ.

ಒಬ್ಬರೇ ಎಲ್ಲರ ಪರವಾಗಿ ಎಐ ಬಳಸುತ್ತಿದ್ದಾರೆ. "ಅವನಿಗೆ ಕೊಡು, ಅವನು ಮಾಡ್ತಾನೆ" ಎಂಬ ಮಾತು ಕೇಳಿ ಬಂದರೆ ಜೋಡಿಗಳನ್ನು ಬದಲಿಸಿ. ಆ ಹುಡುಗ ಬೇರೆ ಕೆಲಸಕ್ಕೆ ಹೋದ ದಿನ ಕಚೇರಿ ಮೊದಲಿನ ಜಾಗಕ್ಕೇ ಬರುತ್ತದೆ.

ಗೋಡೆಯ ಹಾಳೆಯಲ್ಲಿ ಹಳೆಯ ತಾರೀಖು ಇದೆ. ದರ ಬದಲಾಗುತ್ತದೆ, ಕಾಯ್ದೆ ಬದಲಾಗುತ್ತದೆ, ಸಾಧನದ ಸೆಟ್ಟಿಂಗ್ಸ್ ಕೂಡ ಬದಲಾಗುತ್ತದೆ. ಮೂರು ತಿಂಗಳಿಗೊಮ್ಮೆ, 21ನೇ ತಾರೀಖಿನ ನಂತರದ ಒಂದು ಬೆಳಿಗ್ಗೆ, ಎಲ್ಲರೂ ಕೂತು ಹಾಳೆಯನ್ನು ಓದಿ. ತಿದ್ದಬೇಕಾದ್ದನ್ನು ತಿದ್ದಿ, ಮುಂದಿನ ಸಲ ಕೂರುವ ದಿನವನ್ನು ಅದರ ಕೆಳಗೇ ಬರೆದು ಅಂಟಿಸಿ.